ಕಟ್ಟುವವರು ನಾವು, ಓಡಾಡುವವರು ಯಾರು?

ರಾಯಚೂರು ಜಿಲ್ಲೆಯ ಜನ ಏನನ್ನು ಕೇಳಿದರೂ ಸರ್ಕಾರದ ಕಡೆಯಿಂದ ಬರುವ ಉತ್ತರ ಒಂದೇ. ಹಣವಿಲ್ಲ, ಪರಿಶೀಲಿಸಲಾಗುವುದು, ತಾಳ್ಮೆಯಿರಲಿ. 2022ರಲ್ಲಿ ರಾಯಚೂರು ನಗರದ ನಲ್ಲಿಯಲ್ಲಿ ಬಂದ ಹೊಲಸು ನೀರು ಕುಡಿದು ಜನ ಸತ್ತರು. ಆಗಲೂ ತಾಳ್ಮೆಯ ಉಪದೇಶವೇ ಆಯಿತು. ಏಮ್ಸ್ ಆಸ್ಪತ್ರೆ ನಮ್ಮ ಜಿಲ್ಲೆಗೆ ಬೇಕೆಂದು ಅದೇ ವರ್ಷದ ಮೇ ತಿಂಗಳಿನಲ್ಲಿ ಧರಣಿ ಕುಳಿತವರು ಸಾವಿರ ದಿನಗಳನ್ನು ದಾಟಿಸಿದರು; ಅವರಿಗೂ ತಾಳ್ಮೆಯ ಉಪದೇಶವೇ ಆಯಿತು. ಆದರೆ ಬೆಂಗಳೂರಿನ ಕಾರಿನವರ ತಾಳ್ಮೆ ಕೆಟ್ಟೊಡನೆ ಯೋಜನೆ ಹುಟ್ಟುತ್ತದೆ, ಹಣ ಹುಟ್ಟುತ್ತದೆ, ಟೆಂಡರೂ ಹುಟ್ಟುತ್ತದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದ ಕೆಳಗೆ ಸುಮಾರು 16.75 ಕಿಲೋಮೀಟರ್ ಸುರಂಗ ಕೊರೆದು ಮೋಟಾರು ರಸ್ತೆ ಮಾಡಲು 2025ರಲ್ಲಿ ಟೆಂಡರ್ ಕರೆದರು. ಅಂದಾಜು ವೆಚ್ಚ 17,698 ಕೋಟಿ ರೂಪಾಯಿ. ಅಂದರೆ ಒಂದೊಂದು ಕಿಲೋಮೀಟರಿಗೆ ಒಂದು ಸಾವಿರ ಕೋಟಿಗೂ ಮೇಲೆ.

ನಾನೂರು ಕಿಲೋಮೀಟರ್ ಆಚೆ ಕೊರೆಯುವ ಸುರಂಗಕ್ಕೂ ನಮಗೂ ಏನು ಸಂಬಂಧ ಎಂದು ಗಂಜಿನ ಹಮಾಲ ಬಂಧುಗಳೂ, ಗಿರಣಿ ಕಾರ್ಮಿಕರೂ, ಕಿರಾಣಿ ಅಂಗಡಿಯವರೂ ಕೇಳಬಹುದು. ಸಂಬಂಧ ಮೂರು ಬಗೆಯದು. ಅದಕ್ಕೆ ಸುರಿಯುವ ಹಣದಲ್ಲಿ ನಮ್ಮ ಪಾಲಿದೆ. ಅದನ್ನು ಕಟ್ಟುವ ಕೈಗಳಲ್ಲಿ ನಮ್ಮವರ ಕೈಗಳಿವೆ. ಮೂರನೆಯದಾಗಿ, ಸಾಮಾನ್ಯ ಮನುಷ್ಯ ಕಾಲಿಡಲಾಗದ ಈ ಜಾತಿಯ ರಸ್ತೆ ಇಂದು ಬೆಂಗಳೂರಿನಲ್ಲಿ ಮಾತ್ರ ನಿಂತಿಲ್ಲ, ನಮ್ಮ ತಾಲೂಕಿನ ಹೊಲಗಳಿಗೂ ಬಂದಿದೆ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ

ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮಾನತೆಯ ಬಗ್ಗೆ ವರದಿ ಕೊಟ್ಟಿತು. ರಾಜ್ಯದ 114 ತಾಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ ಮಾನ್ವಿ ಇದೆ. ಎಲ್ಲಕ್ಕಿಂತ ಕೆಳಗಿನ ಸ್ಥಾನದಲ್ಲಿದ್ದುದು ದೇವದುರ್ಗ. ಅನಂತರ ಸಂವಿಧಾನಕ್ಕೆ ತಿದ್ದುಪಡಿಯಾಯಿತು, 371(ಜೆ) ಬಂತು, ಮಂಡಳಿ ಬಂತು. 2023-24ರಿಂದ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ವರ್ಷಕ್ಕೆ 5,000 ಕೋಟಿ ಕೊಡುತ್ತೇವೆಂದು ಸರ್ಕಾರ ಡಂಗುರ ಸಾರಿತು. ವಾಚಕರು ದಯವಿಟ್ಟು ಭಾಗಾಕಾರ ಮಾಡಿ ನೋಡಬೇಕು. ಬೀದರದಿಂದ ಬಳ್ಳಾರಿಯವರೆಗೆ ಏಳು ಜಿಲ್ಲೆಗಳ ಶಾಲೆ, ಆಸ್ಪತ್ರೆ, ನೀರು, ರಸ್ತೆಗಳಿಗೆಂದು ಘೋಷಿಸಿದ ಮೂರೂವರೆ ವರ್ಷದ ವಿಶೇಷ ಹಣವೂ, ಬೆಂಗಳೂರಿನ ಒಂದು ಸುರಂಗದ ವೆಚ್ಚವೂ ಹೆಚ್ಚುಕಡಿಮೆ ಒಂದೇ.

ಇಷ್ಟು ಹಣ ಸುರಿದ ಸುರಂಗದಲ್ಲಿ ಹೋಗುವವರು ಯಾರು? ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಅವುಗಳಲ್ಲಿ ಮೂರಕ್ಕೆ ಎರಡು ಪಾಲು ದ್ವಿಚಕ್ರ ವಾಹನಗಳು. ಸುರಂಗದ ಯೋಜನೆಯಲ್ಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲ. ಅಂಗಡಿಯ ಸಾಮಾನು ಹಿಂದೆ ಕಟ್ಟಿಕೊಂಡು ಹೋಗುವ ಸಣ್ಣ ವ್ಯಾಪಾರಿಯೂ, ಪಾಳಿ ಮುಗಿಸಿ ಮನೆಗೆ ಹೋಗುವ ಕಾರ್ಮಿಕನೂ ಮೇಲಿನ ಹೊಗೆಯಲ್ಲೇ ನಿಲ್ಲಬೇಕು. ಒಳಗೆ ಹೋಗಬಲ್ಲವರಿಗೂ ಸುಂಕವಿದೆ. ಯೋಜನಾ ವರದಿಯ ಲೆಕ್ಕದಂತೆ ಕಿಲೋಮೀಟರಿಗೆ 19 ರೂಪಾಯಿ. ಪೂರ್ತಿ ದಾರಿಗೆ ಒಂದು ಸಲಕ್ಕೆ 320 ರೂಪಾಯಿಯ ಸುಮಾರು. 2025-26ರಲ್ಲಿ ಉದ್ಯೋಗ ಖಾತ್ರಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ಮಣ್ಣು ಹೊತ್ತ ದೇವದುರ್ಗದ ತಾಯಿಗೆ ಇಡೀ ದಿನದ ಕೂಲಿ 370 ರೂಪಾಯಿ ಎಂದು ಗೊತ್ತುಪಡಿಸಿದ್ದರು. ಒಬ್ಬಳ ದಿನದ ದುಡಿಮೆ, ಇನ್ನೊಬ್ಬನ ಅರ್ಧ ಗಂಟೆಯ ಅವಸರ! 1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಾರೆಂದು ಲೆಕ್ಕ ಮುಂದಿಟ್ಟಾಗ ಆಳುವವರು ಸಿಟ್ಟಾದರು. ಅಂತಹ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದರೆ ಇಂದಿಗೂ ಸಿಟ್ಟು ಬರುತ್ತದೆ. ಬರಲಿ.

ಹೋಗಲಿ, ಬೆಂಗಳೂರಿನ ಸಂಚಾರಕ್ಕೆ ಬೇರೆ ದಾರಿಯೇ ಇಲ್ಲವೆ? ಇದೆ, ಅದಕ್ಕೆ ಮಂಜೂರಾತಿಯೂ ಆಗಿದೆ. ಬೆಂಗಳೂರು ಉಪನಗರ ರೈಲು ಯೋಜನೆಗೆ 2020ರಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. 148 ಕಿಲೋಮೀಟರ್ ಹಳಿ, 15,767 ಕೋಟಿ ರೂಪಾಯಿ. 2022ರ ಜೂನಿನಲ್ಲಿ ಪ್ರಧಾನಿಯವರು ಬಂದು ಶಂಕುಸ್ಥಾಪನೆ ಮಾಡಿ, ನಲವತ್ತು ತಿಂಗಳಲ್ಲಿ ಮುಗಿಸುತ್ತೇವೆಂದರು. ಆ ನಲವತ್ತು ತಿಂಗಳು ಕಳೆದುಹೋದವು, ರೈಲು ಓಡಲಿಲ್ಲ. ಬಡವನೂ ಹತ್ತಬಹುದಾದ 148 ಕಿಲೋಮೀಟರ್ ರೈಲಿಗೆ ಬೇಕಾದದ್ದಕ್ಕಿಂತ ಹೆಚ್ಚು ಹಣ ಕಾರಿನವನು ಮಾತ್ರ ಹೋಗಬಲ್ಲ 16.75 ಕಿಲೋಮೀಟರಿಗೆ ಬೇಕು. ರೈಲಿನ ಕೆಲಸ ಕುಂಟುತ್ತಿರುವಾಗಲೇ ಸುರಂಗದ ಟೆಂಡರ್ ಓಡಿಬಂದದ್ದು ಯಾರ ಹಿತಕ್ಕಾಗಿ ಎಂಬುದನ್ನು ನಾವು ಬಿಡಿಸಿ ಹೇಳಬೇಕೆ?

ಅವರ ವಾದಗಳು

ಇದು ಖಾಸಗಿಯವರ ಹಣ, ಸರ್ಕಾರದ್ದಲ್ಲ ಎಂಬುದು ಮೊದಲ ವಾದ. ಖಾಸಗಿಯವನು ಪುಣ್ಯಕ್ಕಾಗಿ ಸುರಂಗ ಕೊರೆಯುವುದಿಲ್ಲ. ಸರ್ಕಾರದ ಪಾಲನ್ನೂ ಪಡೆದು, ಸರ್ಕಾರದ ನೆಲವನ್ನೂ ಪಡೆದು, ದಶಕಗಟ್ಟಲೆ ಸುಂಕ ವಸೂಲು ಮಾಡಿಕೊಂಡ ನಂತರ ಹಳೆಯ ಸುರಂಗವನ್ನು ಸರ್ಕಾರಕ್ಕೆ ಒಪ್ಪಿಸುತ್ತಾನೆ. ಈ ವ್ಯಾಪಾರದ ರುಚಿಯನ್ನು ಕರ್ನಾಟಕ ಹಿಂದೆಯೇ ನೋಡಿದೆ. 1997ರಲ್ಲಿ ಬೆಂಗಳೂರು–ಮೈಸೂರು ಕಾರಿಡಾರಿಗಾಗಿ ಸರ್ಕಾರ ನೈಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಮೈಸೂರಿನವರೆಗೆ ರಸ್ತೆ, ದಾರಿಯುದ್ದಕ್ಕೂ ಹೊಸ ಪಟ್ಟಣಗಳು, ಅವುಗಳಿಗೆಂದು 20,193 ಎಕರೆ ಭೂಮಿ. ಕಾಲು ಶತಮಾನ ಕಳೆದರೂ ಆ ರಸ್ತೆ ಮೈಸೂರನ್ನು ಮುಟ್ಟಲಿಲ್ಲ. ಆದದ್ದು ಬೆಂಗಳೂರಿನ ಅಂಚಿನ ಸುಂಕದ ರಸ್ತೆ. ಸದನ ಸಮಿತಿಯೊಂದು 2016ರಲ್ಲಿ ವರದಿ ಕೊಟ್ಟು ತನಿಖೆಯಾಗಬೇಕೆಂದಿತು. ಸುಂಕದ ವಸೂಲಿ ಮಾತ್ರ ಕೊನೆಗೊಳ್ಳಲಿಲ್ಲ. ಪೆರಿಫೆರಲ್ ರಿಂಗ್ ರಸ್ತೆಯ ಕಥೆಯೂ ಇದೇ. 2005ರಲ್ಲಿ ಅಧಿಸೂಚನೆ ಹೊರಟಿತು. ಇಪ್ಪತ್ತು ವರ್ಷ ರೈತ ತನ್ನ ಹೊಲವನ್ನು ಮಾರಲಾರದೆ, ನೆಮ್ಮದಿಯಾಗಿ ಉಳಲೂ ಆರದೆ ಕುಳಿತ. ಅನಂತರ ಸರ್ಕಾರ ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಹೊಸ ಹೆಸರಿಟ್ಟಿತು. ಹೆಸರಿಟ್ಟವರಿಗೆ ಅದು ಬಿಸಿನೆಸ್ ಎಂಬುದು ಚೆನ್ನಾಗಿಯೇ ತಿಳಿದಿದೆ.

ರಾಜ್ಯದ ತೆರಿಗೆಯ ಬಹುಪಾಲನ್ನು ಬೆಂಗಳೂರು ಕೊಡುತ್ತದೆ, ಆದುದರಿಂದ ಅಲ್ಲಿಯೇ ಖರ್ಚು ಮಾಡಬೇಕು ಎಂಬುದು ಎರಡನೆಯ ವಾದ. ಬೆಂಗಳೂರಿನ ದೀಪ ಯಾವ ಊರಿನ ಬೂದಿಯಿಂದ ಉರಿಯುತ್ತದೆ? 1985ರಿಂದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಇಡೀ ರಾಜ್ಯಕ್ಕೆ ಬೆಳಕು ಕೊಡುತ್ತ ಬಂದಿದೆ. ಬೂದಿ ನಮ್ಮಲ್ಲಿ ಉಳಿದಿದೆ. ಹಟ್ಟಿಯ ನೆಲದಿಂದ ಚಿನ್ನ ಹೋಗುತ್ತದೆ. ನಮ್ಮ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಬೀಜ ಬಿಡಿಸಿಕೊಂಡು, ಬೇಲಾಗಿ, ಲಾರಿ ಹತ್ತಿ ಹೊರಗೆ ಹೋಗುತ್ತದೆ. ನೂಲುವ ಕೂಲಿ, ನೇಯುವ ಕೂಲಿ, ಹೊಲಿಯುವ ಕೂಲಿ ಬೇರೆ ಊರಿನ ಲೆಕ್ಕಕ್ಕೆ ಸೇರುತ್ತದೆ. ತೆರಿಗೆ ಯಾವ ಊರಿನ ಕಚೇರಿಯಲ್ಲಿ ಕಟ್ಟಿಸಿಕೊಂಡರು ಎಂಬುದರಿಂದ ಸಂಪತ್ತು ಹುಟ್ಟಿದ್ದು ಎಲ್ಲಿ ಎಂದು ತೀರ್ಮಾನಿಸುವುದು ಯಾವ ಅರ್ಥಶಾಸ್ತ್ರ?

ಮೂರನೆಯ ವಾದ ಮುಂದುವರಿದ ದೇಶಗಳದ್ದು. ಅಮೆರಿಕದ ಬಾಸ್ಟನ್ ನಗರ ತನ್ನ ಹೆದ್ದಾರಿಯನ್ನು ನೆಲದಡಿ ಹಾಕಿತಲ್ಲವೆ ಎನ್ನುತ್ತಾರೆ. ಹಾಕಿತು. ಮೊದಲ ಅಂದಾಜು 280 ಕೋಟಿ ಡಾಲರ್ ಆಗಿತ್ತು. 2007ರಲ್ಲಿ ಮುಗಿಯುವ ಹೊತ್ತಿಗೆ 1,400 ಕೋಟಿ ದಾಟಿತ್ತು. ಅದರ ಹಿಂದಿನ ವರ್ಷವೇ ಸುರಂಗದ ಮೇಲ್ಛಾವಣಿಯ ಕಾಂಕ್ರೀಟು ಬಿದ್ದು ಒಬ್ಬ ಹೆಂಗಸು ಸತ್ತಳು. ದಕ್ಷಿಣ ಕೊರಿಯದ ಸೋಲ್ ನಗರ ಬೇರೆಯೇ ಪಾಠ ಕಲಿಯಿತು. ನಗರದ ನಡುವೆ ಹೊಳೆಯೊಂದನ್ನು ಮುಚ್ಚಿ, ಅದರ ಮೇಲೆ ಕಟ್ಟಿದ್ದ ಎತ್ತರದ ಹೆದ್ದಾರಿಯನ್ನು 2003ರಲ್ಲಿ ಕೆಡವತೊಡಗಿ, 2005ರಲ್ಲಿ ಹೊಳೆಯನ್ನು ಜನರಿಗೆ ತೆರೆಯಿತು. ಬಸ್ಸಿನ ವ್ಯವಸ್ಥೆಯನ್ನು ಬಲಪಡಿಸಿತು. ನಗರವೇನೂ ನಿಂತುಹೋಗಲಿಲ್ಲ. ನಮ್ಮವರು ವಿದೇಶ ಪ್ರವಾಸ ಮಾಡಿ ಬರುವಾಗ ಬಾಸ್ಟನ್ನಿನ ಚಿತ್ರ ತರುತ್ತಾರೆ, ಬಿಲ್ಲು ತರುವುದಿಲ್ಲ. ಸೋಲಿನ ದಾರಿಯಲ್ಲಂತೂ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಇನ್ನೊಂದು ವಾದ ಬಂದದ್ದು 2025ರ ಅಕ್ಟೋಬರಿನಲ್ಲಿ. ಆಗ ಬೆಂಗಳೂರು ಅಭಿವೃದ್ಧಿ ಖಾತೆ ಹೊತ್ತಿದ್ದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು, ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂಜರಿಯುತ್ತಾರೆ ಎಂಬರ್ಥದ ಮಾತಾಡಿದರು. ಅಲ್ಲಿಯ ಸಂಬಂಧಗಳ ವಿಚಾರ ನಮಗೆ ತಿಳಿಯದು. ನಮ್ಮ ಕಡೆ ಹೆಣ್ಣು ಕೊಡುವ ತಂದೆ ಕೇಳುವುದು ಒಂದೇ ಮಾತು: ಹುಡುಗ ಊರಾಗ ಇರ್ತಾನೋ, ಗುಳೆ ಹೋಗ್ತಾನೋ?

ಗುಳೆಯ ಕೈಗಳು

ಈಗ ದುಡಿಮೆಯ ಮಾತಿಗೆ ಬರೋಣ. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಏನಾಗುತ್ತದೆ ಎಂಬುದು ನಮ್ಮ ವಾಚಕರಿಗೆ ಹೊಸದಲ್ಲ. ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಮುದುಕರು. ಗಂಡ ಹೆಂಡತಿ ರೊಟ್ಟಿಯ ಗಂಟು ಕಟ್ಟಿಕೊಂಡು, ಕೂಸನ್ನು ಬಗಲಲ್ಲಿ ಇಟ್ಟುಕೊಂಡು ಬೆಂಗಳೂರಿನ ದಾರಿ ಹಿಡಿದಿರುತ್ತಾರೆ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಆ ತಿಂಗಳುಗಳ ಹಾಜರಿ ಪುಸ್ತಕ ನೋಡಿದರೆ ಸಾಕು, ಊರಿನಲ್ಲಿ ಎಷ್ಟು ಒಲೆ ಆರಿವೆ ಎಂದು ಹೇಳಬಹುದಾಗಿತ್ತು. ಐದನೆಯ ತರಗತಿಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದ ಹುಡುಗಿ ಬೆಂಗಳೂರಿನ ಕಟ್ಟಡವೊಂದರ ತಗಡಿನ ಶೆಡ್ಡಿನಲ್ಲಿ ತಮ್ಮನನ್ನು ಆಡಿಸುತ್ತಿರುತ್ತಾಳೆ. ಹಿಂದಿರುಗಿ ಬಂದಾಗ ಅವಳಿಗೆ ಮಗ್ಗಿ ಮರೆತಿರುತ್ತದೆ, ಶಾಲೆಯಲ್ಲಿ ಹೆಸರೂ ಉಳಿದಿರುವುದಿಲ್ಲ.

2022ರ ಆಗಸ್ಟ್ 25ರ ಬೆಳಗಿನ ಜಾವ ತುಮಕೂರು ಜಿಲ್ಲೆಯ ಶಿರಾ ತಾಲೂಕಿನಲ್ಲಿ, ರಾಷ್ಟ್ರೀಯ ಹೆದ್ದಾರಿಯ ಮೇಲೆ, ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ರಾಯಚೂರು ಜಿಲ್ಲೆಯವರ ಕ್ರೂಸರ್ ಲಾರಿಗೆ ಬಡಿದು ಒಂಬತ್ತು ಜನ ಸತ್ತರು. ಸತ್ತವರಲ್ಲಿ ಮಕ್ಕಳೂ ಇದ್ದರು. ಮಂತ್ರಿಗಳು ಕಂಬನಿ ಮಿಡಿದರು, ಪರಿಹಾರ ಘೋಷಿಸಿದರು. ಅಷ್ಟೊಂದು ಜನ ಒಂದು ಕ್ರೂಸರಿನಲ್ಲಿ ತುಂಬಿಕೊಂಡು ರಾತ್ರಿಯಿಡೀ ಏತಕ್ಕೆ ಪ್ರಯಾಣ ಮಾಡಬೇಕಾಯಿತು ಎಂದು ಯಾರೂ ಕೇಳಲಿಲ್ಲ. ಊರಿನಲ್ಲಿ ಕೆಲಸವಿದ್ದಿದ್ದರೆ ಅವರು ಮನೆಯಲ್ಲಿ ಮಲಗಿರುತ್ತಿದ್ದರು. ಅಗ್ಗದ ರೈಲು ಇದ್ದಿದ್ದರೆ ರೈಲಿನಲ್ಲಿರುತ್ತಿದ್ದರು.

ರೈಲಿನ ಕಥೆಯನ್ನೂ ಕೇಳಿರಿ. ಗಿಣಿಗೇರಾದಿಂದ ಸಿಂಧನೂರು, ಮಾನ್ವಿ, ರಾಯಚೂರಿನ ಮೇಲೆ ಮಹಬೂಬನಗರಕ್ಕೆ ಹೋಗುವ ಹಳಿಗೆ ಮಂಜೂರಾತಿ ಸಿಕ್ಕಿದ್ದು 1997-98ರಲ್ಲಿ, ನೈಸ್ ಒಪ್ಪಂದವಾದ ಕಾಲದಲ್ಲಿಯೇ. ರೈಲು ಸಿಂಧನೂರು ಮುಟ್ಟಿದ್ದು 2024ರಲ್ಲಿ. ಮಂಜೂರಾತಿಯ ವರ್ಷ ಹುಟ್ಟಿದ ಕೂಸು ಬೆಳೆದು, ಮದುವೆಯಾಗಿ, ಗುಳೆ ಹೋಗುವ ವಯಸ್ಸಿಗೆ ಬಂದರೂ ಮಾನ್ವಿಯವರು ರೈಲು ಕಾಣಲಿಲ್ಲ. ಹಳಿ ದಿಲ್ಲಿಯದು, ಸುರಂಗ ಬೆಂಗಳೂರಿನದು, ಎರಡನ್ನೂ ಕಲಸಬೇಡಿ ಎಂದು ಪಂಡಿತರು ಹೇಳಬಹುದು. ದಿಲ್ಲಿಯವರಾಗಲಿ ಬೆಂಗಳೂರಿನವರಾಗಲಿ, ಕಾರಿನವನಿಗೆ ಅವಸರದಿಂದಲೂ ಕೂಲಿಯವನಿಗೆ ನಿಧಾನದಿಂದಲೂ ಕೆಲಸ ಮಾಡುತ್ತಾರೆ ಎಂಬುದೇ ನಮ್ಮ ಆರೋಪ.

ಇಂತಹ ಕಾಮಗಾರಿಯಿಂದ ನಿಮ್ಮವರಿಗೇ ಕೆಲಸ ಸಿಗುತ್ತದಲ್ಲ ಎನ್ನುವವರೂ ಇದ್ದಾರೆ. ಸಿಗುತ್ತದೆ, ಆದರೆ ಯಾವ ರಕ್ಷಣೆಯೊಡನೆ? ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಮಾಡಿದ ಕಾನೂನು ರಾಜ್ಯದ ಗಡಿ ದಾಟಿದವನನ್ನು ಮಾತ್ರ ವಲಸೆಗಾರನೆಂದು ಗುರುತಿಸಿತು. ದೇವದುರ್ಗದಿಂದ ನಾನೂರು ಕಿಲೋಮೀಟರ್ ದೂರ ಬೆಂಗಳೂರಿಗೆ ಹೋದವನು ಅದರ ಕಣ್ಣಿಗೆ ಬೀಳಲಿಲ್ಲ. ಕಟ್ಟಡ ಕಾರ್ಮಿಕರಿಗಾಗಿ ಕಾಮಗಾರಿಯ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ತೆಗೆದಿಡುತ್ತಾರೆ. 17,698 ಕೋಟಿಯ ಮೇಲೆ ನೂರಕ್ಕೆ ಒಂದೆಂದರೆ ಸುಮಾರು 177 ಕೋಟಿ. ಆ ಹಣದಲ್ಲಿ ಗುಳೆಯವರ ಮಕ್ಕಳಿಗೆ ಎಷ್ಟು ವಸತಿ ಶಾಲೆ ಆಗಬಹುದು! ಆದರೆ ನೋಂದಣಿ ಚೀಟಿಯಿಲ್ಲದ ಕೂಲಿಯವನಿಗೆ ಆ ಪೆಟ್ಟಿಗೆಯ ಬೀಗದ ಕೈ ಎಲ್ಲಿದೆ ಎಂಬುದೇ ತಿಳಿಯದು.

ನಮ್ಮ ಬಾಗಿಲಿಗೆ ಬಂದ ರಸ್ತೆ

ಸಣ್ಣ ವ್ಯಾಪಾರಿ ಬಂಧುಗಳು ಈ ಭಾಗವನ್ನು ಗಮನವಿಟ್ಟು ಓದಬೇಕು. ಸೂರತ್–ಚೆನ್ನೈ ಆರ್ಥಿಕ ಕಾರಿಡಾರ್ ಎಂಬ ಆರು ಪಥದ ಹೊಸ ರಸ್ತೆ ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ದಾಟಿ ನಮ್ಮ ರಾಯಚೂರು ತಾಲೂಕಿನ ಸಿಂಗನೋಡಿಯ ಕಡೆಯಿಂದ ಮುಂದೆ ಹೋಗುತ್ತದೆ. ಇದು ಪ್ರವೇಶ ನಿಯಂತ್ರಿತ ರಸ್ತೆ. ಎಲ್ಲಿ ಬೇಕಾದರಲ್ಲಿ ಹತ್ತುವಂತಿಲ್ಲ, ಎಲ್ಲಿ ಬೇಕಾದರಲ್ಲಿ ಇಳಿಯುವಂತಿಲ್ಲ. ನಮ್ಮ ಹೊಲದ ನಡುವೆ ಹೋಗುತ್ತದೆ, ಆದರೆ ನಮ್ಮ ಎತ್ತಿನ ಬಂಡಿಗೆ ಅದರ ಮೇಲೆ ಜಾಗವಿಲ್ಲ.

ಇಂತಹ ರಸ್ತೆ ಬಂದ ಮೇಲೆ ಬಜಾರಿಗೆ ಏನಾಗುತ್ತದೆ? 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯನ್ನು ಪ್ರಧಾನಿಯವರು ಉದ್ಘಾಟಿಸಿದರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬದಿಗೆ ಸರಿಸಿ ಆ ರಸ್ತೆ ಹೋಯಿತು. ತಟ್ಟೆ ಇಡ್ಲಿಯವನೂ, ವಡೆಯವನೂ, ಮರದ ಗೊಂಬೆಯ ಅಂಗಡಿಯವನೂ ಹಳೆಯ ರಸ್ತೆಯಲ್ಲಿ ಗಿರಾಕಿಯ ದಾರಿ ಕಾಯುತ್ತ ಕುಳಿತರು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ನಿಷೇಧವಾಯಿತು. ವೇಗದ ಗಾಡಿಗಳ ನಡುವೆ ನಿಧಾನದ ಗಾಡಿ ಬಂದರೆ ಜೀವ ಹೋಗುತ್ತದೆ ಎಂಬ ಕಾರಣ ಕೊಟ್ಟರು. ಕಾರಣ ಸುಳ್ಳಲ್ಲ. ಆದರೆ ಜೀವದ ಮೇಲೆ ಅಷ್ಟು ಕಾಳಜಿಯಿರುವವರು ನಿಧಾನದ ಗಾಡಿಯವನಿಗೂ ಅಷ್ಟೇ ಒಳ್ಳೆಯ, ಅಷ್ಟೇ ಸುರಕ್ಷಿತವಾದ ದಾರಿ ಮಾಡಿಕೊಡಬೇಕಾಗಿತ್ತು. ರಸ್ತೆಯ ನಕ್ಷೆ ಬರೆಯುವಾಗ ವೇಗದವನನ್ನು ಮೊದಲು ನೆನೆದು, ಉಳಿದ ಚೂರಿನಲ್ಲಿ ಮಿಕ್ಕವರನ್ನು ಹೊಂದಿಸುವುದೇ ಈ ಪದ್ಧತಿಯ ಮೂಲ ರೋಗ.

ನಮ್ಮ ಹಳೆಯ ರಸ್ತೆಗಳ ಸ್ಥಿತಿಯಾದರೂ ಏನು? 2024ರ ಸೆಪ್ಟೆಂಬರ್ 5, ಶಿಕ್ಷಕರ ದಿನಾಚರಣೆ. ಮಾನ್ವಿ ತಾಲೂಕಿನ ಕಪಗಲ್ ಬಳಿ ಶಾಲಾ ವಾಹನಕ್ಕೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಸತ್ತರು. ಇನ್ನು ಕೆಲವು ಮಕ್ಕಳು ಕಾಲು ಕಳೆದುಕೊಂಡರು. ಬೆಂಗಳೂರಿನ ಕಾರಿನವನ ಅರ್ಧ ಗಂಟೆ ಉಳಿಸಲು ಕಿಲೋಮೀಟರಿಗೆ ಸಾವಿರ ಕೋಟಿ ಹೊಂದಿಸುವ ಸರ್ಕಾರ, ಮಾನ್ವಿಯ ಮಕ್ಕಳ ಕಾಲು ಉಳಿಸಲು ಕಿಲೋಮೀಟರಿಗೆ ಎಷ್ಟು ಹೊಂದಿಸಿತ್ತು?

ನಮ್ಮ ಬೇಡಿಕೆ

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ನಮ್ಮ ಜಗಳ ಬೆಂಗಳೂರಿನ ಜನರೊಡನೆ ಅಲ್ಲ. ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗುವ ಅಲ್ಲಿಯ ಗಾರ್ಮೆಂಟ್ಸ್ ಹೆಣ್ಣುಮಗಳು ನಮ್ಮವಳು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 1,791 ಕೋಟಿಯ ಉಕ್ಕಿನ ಸೇತುವೆ ಹಾಕಲು ಹೊರಟಾಗ ಅಲ್ಲಿನ ಜನ ಮರಗಳಿಗಾಗಿ ರಸ್ತೆಯಲ್ಲಿ ಕೈ ಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. 2025ರಲ್ಲಿ ಲಾಲ್‌ಬಾಗಿನ ನೆಲಕ್ಕೆ ಸುರಂಗದ ಕಣ್ಣು ಬಿದ್ದಾಗಲೂ ಅವರೇ ಎದ್ದರು. ಅವರು ಮರಕ್ಕಾಗಿ ನಿಂತರು, ನಾವು ಕೂಲಿಗಾಗಿ ನಿಲ್ಲುತ್ತೇವೆ. ಇಬ್ಬರೂ ಒಂದಾದರೆ ಯಾವ ಟೆಂಡರೂ ನಿಲ್ಲಲಾರದು.

ಆದುದರಿಂದ ನಾವು ಕೇಳುವುದಿಷ್ಟು. ಕಾರಿಗೆ ಮಾತ್ರ ತೆರೆಯುವ ಸುರಂಗದ ಯೋಜನೆಯನ್ನು ಕೈಬಿಟ್ಟು, ಆ ಹಣವನ್ನೂ ಆ ಅವಸರವನ್ನೂ ಉಪನಗರ ರೈಲಿಗೆ, ಬಸ್ಸುಗಳಿಗೆ ತಿರುಗಿಸಬೇಕು. ಮಾನ್ವಿಯ ಮೇಲೆ ರಾಯಚೂರಿಗೆ ಬರಬೇಕಾದ ಹಳಿಯನ್ನು ಪೂರ್ತಿ ಮಾಡಿ ಕೂಲಿಯವರ ಕೈಗೆಟಕುವ ದರದ ಗಾಡಿಗಳನ್ನು ಓಡಿಸಬೇಕು. ರಾಯಚೂರು–ಮಾನ್ವಿ, ರಾಯಚೂರು–ದೇವದುರ್ಗ ರಸ್ತೆಗಳಲ್ಲಿ ಶಾಲಾ ಮಕ್ಕಳಿಗೂ ಬಂಡಿ, ಟಂಟಂಗಳಿಗೂ ಸುರಕ್ಷಿತ ಜಾಗ ಮಾಡಬೇಕು. ಆರು ಪಥದ ರಸ್ತೆಗೆ ಇಕ್ಕೆಲಗಳಲ್ಲಿ ಸುಂಕವಿಲ್ಲದ ಸೇವಾ ರಸ್ತೆ, ಹೊಲಕ್ಕೆ ಹೊಲ ಕೂಡಿಸುವ ಕೆಳದಾರಿ, ನಮ್ಮ ಊರಿನ ಬಸ್ಸು ಹತ್ತಿ ಇಳಿಯುವ ಜಾಗ ಬೇಕು. ವ್ಯಾಪಾರ ಕಳೆದುಕೊಂಡವರಿಗೆ ಅಲ್ಲಿ ಮಳಿಗೆ ಬೇಕು. ಗುಳೆ ಹೋಗುವ ಪ್ರತಿಯೊಬ್ಬರಿಗೂ ಅವರ ಹಳ್ಳಿಯಲ್ಲಿಯೇ ನೋಂದಣಿ ಚೀಟಿ ಕೊಟ್ಟು, ಸೆಸ್ ಹಣದಲ್ಲಿ ಮಕ್ಕಳ ವಸತಿ ಶಾಲೆ ತೆರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ಬೆಳೆದ ಹತ್ತಿ ಇಲ್ಲಿಯೇ ನೂಲಾಗುವಂತೆ ಗಿರಣಿ ಬರಬೇಕು. ಊರಿನಲ್ಲಿ ಕೂಲಿ ಸಿಕ್ಕರೆ ಬೆಂಗಳೂರಿನ ಗದ್ದಲವೂ ತಾನಾಗಿ ತಗ್ಗುತ್ತದೆ.

ಈ ಬೇಡಿಕೆಗಳ ಪತ್ರವನ್ನು ನಮ್ಮ ಕಾರ್ಯಕರ್ತರು ಗಿರಣಿಯ ಬಾಗಿಲಿಗೆ, ಗಂಜಿಗೆ, ಸಂತೆಗೆ ತರುತ್ತಾರೆ. ಓದಿಸಿ ಕೇಳಿರಿ, ತಪ್ಪಿದ್ದರೆ ಹೇಳಿರಿ, ಸರಿಯೆನಿಸಿದರೆ ಸಹಿ ಹಾಕಿರಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ. ಬೆಂಗಳೂರಿನ ರಸ್ತೆಗಳಿಗೆ ಜಲ್ಲಿ ಹೊತ್ತ ಕೈಗಳ ಗುರುತು ಆ ಕಾಗದದ ಮೇಲೆ ಬೀಳಲಿ.